ಮಂತ್ರಶಕ್ತಿ ಇರುವ ನಾಡಿನಲ್ಲಿ ಜನ ಏಕೆ ಹಸಿದಿರಬೇಕು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಕೆಲವು ಗೆಳೆಯರೊಂದಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟವನ್ನು ಕನ್ನಡದಲ್ಲಿಯೇ ನಡೆಸುತ್ತಿದ್ದೇನೆ. ನಿಯಮಗಳು ಐದನೆಯ ಆವೃತ್ತಿಯವು, 2014ರ ಪುಸ್ತಕದವು. ಆದರೆ ನಾಡು, ಊರು, ಅರಸುಮನೆತನ, ದೇವತೆಗಳು ಎಲ್ಲವೂ ನಾವೇ ಕಟ್ಟಿಕೊಂಡವು. ಕಥೆಯ ಈಗಿನ ಭಾಗದಲ್ಲಿ ನದಿಯ ದಂಡೆಯ ಏಳು ಹಳ್ಳಿಗಳಲ್ಲಿ ಬೆಳೆ ಕೈಕೊಟ್ಟಿದೆ, ಜನ ಗುಳೆ ಹೊರಟಿದ್ದಾರೆ, ಮತ್ತು ಆ ಹಳ್ಳಿಗಳಿಂದ ಒಂದು ದಿನದ ನಡಿಗೆಯಷ್ಟು ದೂರದಲ್ಲಿ ಮಾಂತ್ರಿಕರ ಮಠವೊಂದು ಸುಖವಾಗಿ ನಡೆಯುತ್ತಿದೆ. ನಮ್ಮಲ್ಲಿ ಪ್ರಕೃತಿಯ ಶಕ್ತಿಯಿಂದ ಮಂತ್ರ ಹಾಕುವ ಡ್ರೂಯಿಡ್ ಪಾತ್ರ ವಹಿಸುವ ಗೆಳತಿ ಪ್ಲ್ಯಾಂಟ್ ಗ್ರೋತ್ ಎಂಬ ಮಂತ್ರದ ವಿವರವನ್ನು ಓದಿ ಹೇಳಿ, ಇಂಥದ್ದೊಂದು ಇರುವ ನಾಡಿನಲ್ಲಿ ಈ ಜನ ಏಕೆ ಹಸಿದಿದ್ದಾರೆ ಎಂದು ಕೇಳಿದರು.

ಅವರ ಮಾತಿನಲ್ಲಿ ಹುರುಳಿದೆ. ಅನುಭವದಲ್ಲಿ ಐದನೆಯ ಲೆವೆಲ್ (ಮೆಟ್ಟಿಲು) ತಲುಪಿದ ಡ್ರೂಯಿಡ್ ಒಬ್ಬರು ಎಂಟು ಗಂಟೆ ಕುಳಿತು ಈ ಮಂತ್ರವನ್ನು ಪ್ರಯೋಗಿಸಿದರೆ, ಸುತ್ತಲಿನ ಅರ್ಧ ಮೈಲಿ ದೂರದವರೆಗಿನ ಎಲ್ಲ ಸಸ್ಯಗಳೂ ಒಂದು ವರ್ಷದ ಕಾಲ ಎರಡರಷ್ಟು ಫಸಲು ಕೊಡುತ್ತವೆ. ಅಂದರೆ ಒಂದು ದಿನದ ಕೆಲಸಕ್ಕೆ ಸುಮಾರು 500 ಎಕರೆ. ಮಂತ್ರಗಳಿಗೂ ಬೇರೆಯೇ ಲೆವೆಲ್‌ಗಳಿವೆ; ಮೊದಲ ಲೆವೆಲ್‌ನ ಗುಡ್‌ಬೆರಿ ಮಂತ್ರದಿಂದ ಹತ್ತು ಹಣ್ಣುಗಳು ಬರುತ್ತವೆ, ಒಂದೊಂದು ಹಣ್ಣೂ ಒಬ್ಬರ ಒಂದು ದಿನದ ಊಟಕ್ಕೆ ಸಾಕು. ದೇವರ ಶಕ್ತಿಯಿಂದ ಮಂತ್ರ ಹಾಕುವ ಕ್ಲೆರಿಕ್‌ಗಳ ಕ್ರಿಯೇಟ್ ಫುಡ್ ಅಂಡ್ ವಾಟರ್ ಹದಿನೈದು ಜನರಿಗೆ ಒಂದು ದಿನದ ಅನ್ನ ನೀರು ಒದಗಿಸುತ್ತದೆ. ರೋಗವನ್ನು ವಾಸಿಮಾಡುವ ಮಂತ್ರ ಎರಡನೆಯ ಲೆವೆಲ್‌ನ ಮಂತ್ರಗಳಲ್ಲಿಯೇ ಇದೆ. ಇಷ್ಟೆಲ್ಲ ಇದ್ದೂ ನಾನು ವರ್ಣಿಸುತ್ತಿರುವ ಹಳ್ಳಿಗಳು ಮಂತ್ರವನ್ನು ಕಂಡೇ ಇಲ್ಲದ ಹಳ್ಳಿಗಳಂತಿವೆ.

ಸಾವಿನ ವಿಷಯ ಇನ್ನೂ ಕಠಿಣ. ಸತ್ತು ಹತ್ತು ದಿನ ಮೀರದವರನ್ನು ಬದುಕಿಸುವ ರೇಸ್ ಡೆಡ್ ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಬಾಳುವ ವಜ್ರವೊಂದು ಬೇಕು, ಮತ್ತು ಆ ವಜ್ರ ಪ್ರಯೋಗದಲ್ಲಿ ನಾಶವಾಗುತ್ತದೆ. ಅದೇ ಪುಸ್ತಕದ ಪ್ರಕಾರ ಸಾಮಾನ್ಯ ಕೂಲಿಯವರ ದಿನಗೂಲಿ ಎರಡು ಬೆಳ್ಳಿ ನಾಣ್ಯ. ಹತ್ತು ಬೆಳ್ಳಿಗೆ ಒಂದು ಚಿನ್ನ. ಒಂದು ಕಾಸನ್ನೂ ಖರ್ಚು ಮಾಡದೆ ದುಡಿದರೂ ಕೂಲಿಯವನಿಗೆ ಆ ವಜ್ರ ಕೊಳ್ಳಲು 2,500 ದಿನ, ಹೆಚ್ಚುಕಡಿಮೆ ಏಳು ವರ್ಷ ಬೇಕಾಗುತ್ತದೆ. ಸಾಹುಕಾರನ ಮಗ ಮರಳಿ ಬರುತ್ತಾನೆ, ಕೂಲಿಯವನ ಮಗಳು ಬರುವುದಿಲ್ಲ. ಆನ್‌ಲೈನ್ ಶೂಟರ್ ಆಟಗಳನ್ನು ಬಹಳ ಆಡುವ ಗೆಳೆಯನೊಬ್ಬ ಇದನ್ನು ಕೇಳಿ, ಇದು ಪೇ-ಟು-ವಿನ್ ಅಲ್ಲದೆ ಬೇರೇನೂ ಅಲ್ಲ, ದುಡ್ಡಿದ್ದವರು ಗೆಲ್ಲುವ ವ್ಯವಸ್ಥೆಯನ್ನು ನಮ್ಮ ಆಟದಿಂದ ತೆಗೆದುಹಾಕಬೇಕು ಎಂದು ಪಟ್ಟುಹಿಡಿದಿದ್ದಾನೆ.

ನನಗೆ ಎರಡು ವಿಷಯಗಳಲ್ಲಿ ನಿಮ್ಮ ಸಲಹೆ ಬೇಕು. ನಿಯಮಗಳನ್ನು ಬದಲಿಸದೆ, ಆ ಹಳ್ಳಿಗಳ ಹಸಿವನ್ನು ನಂಬುವಂತೆ ಮಾಡುವ ಸಮಾಜವೊಂದನ್ನು ಕಟ್ಟಲು ಸಾಧ್ಯವೇ? ಮತ್ತು ಹಣ ಕೊಟ್ಟು ಜೀವ ಕೊಳ್ಳುವ ಈ ನಿಯಮವನ್ನು ಆಟದಲ್ಲಿ ಇಟ್ಟುಕೊಳ್ಳುವುದು ಆಡುವವರಿಗೆ ಮಾಡುವ ಅನ್ಯಾಯವೇ?

ಉತ್ತರ: ಹಳೇದಾಳ

ತುಂಗಾತೀರ ಅವರೇ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾದಾಗ ಅದು ಸೈನ್ಯಗಳ ಪ್ರತಿಮೆಗಳನ್ನಿಟ್ಟು ಆಡುವ ಯುದ್ಧದಾಟಗಳಿಂದ ಬೆಳೆದು ಬಂದಿತ್ತು. ಆದ್ದರಿಂದ ಅದರ ಮಂತ್ರಗಳ ಪಟ್ಟಿ ಸಾಹಸಿಗಳ ಅಗತ್ಯಗಳಿಗಾಗಿ ಬೆಳೆಯಿತೇ ಹೊರತು, ಈ ಮಂತ್ರ ದಿನವೂ ಬಳಕೆಯಾದರೆ ಸಂತೆಯಲ್ಲಿ ಜೋಳದ ಬೆಲೆ ಏನಾಗಬಹುದು ಎಂಬ ಲೆಕ್ಕದ ಮೇಲೆ ಅಲ್ಲ. ಆ ಲೆಕ್ಕ ಹಾಕುವ ಹೊಣೆ ಆಟ ನಡೆಸುವ ಪ್ರತಿಯೊಬ್ಬ ಡಂಜನ್ ಮಾಸ್ಟರ್‌ಗೂ ಬರುತ್ತದೆ, ಮತ್ತು ಬಹಳ ಜನ ಅದನ್ನು ಮುಂದೂಡುತ್ತಾರೆ.

ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ ಮಾಂತ್ರಿಕರು ತೀರ ವಿರಳ ಎಂಬುದು. ಇದು ದುರ್ಬಲವಾದ ಉತ್ತರ. ದಿನಕ್ಕೊಂದು ವೃತ್ತದಂತೆ ವರ್ಷದಲ್ಲಿ 300 ದಿನ ಕೆಲಸ ಮಾಡುವ ಒಬ್ಬರೇ ಡ್ರೂಯಿಡ್, ವೃತ್ತಗಳ ನಡುವಿನ ಸಂದುಗಳನ್ನು ಬಿಟ್ಟು, ಸುಮಾರು 600 ಚದರ ಕಿಲೋಮೀಟರ್ ನೆಲದ ಫಸಲನ್ನು ಇಮ್ಮಡಿಗೊಳಿಸಬಲ್ಲರು. ಒಂದು ಸಣ್ಣ ತಾಲ್ಲೂಕಿಗೆ ಒಬ್ಬರಿದ್ದರೆ ಸಾಕು. ಅಷ್ಟೂ ಜನ ಇಲ್ಲವೆಂದರೆ ನಿಮ್ಮ ಮಠದಲ್ಲಿ ಇರುವವರು ಯಾರು ಎಂಬ ಪ್ರಶ್ನೆ ಮತ್ತೆ ಏಳುತ್ತದೆ.

ಈ ಆಟಕ್ಕಾಗಿ ರಚಿಸಿದ ಕಾಲ್ಪನಿಕ ನಾಡುಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಎಬೆರಾನ್. ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2002ರಲ್ಲಿ ಹೊಸ ನಾಡಿನ ಕಲ್ಪನೆಗಳಿಗೆ ಸಾರ್ವಜನಿಕ ಆಹ್ವಾನ ಕೊಟ್ಟಾಗ ಬಂದ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಸ್ತಾವಗಳಲ್ಲಿ ಕೀತ್ ಬೇಕರ್ ಅವರದ್ದು ಆಯ್ಕೆಯಾಯಿತು. ಪುಸ್ತಕ 2004ರಲ್ಲಿ ಬಂತು. ಅಲ್ಲಿ ಮಂತ್ರವೆಂಬುದು ಒಂದು ಉದ್ಯಮ. ಮಿಂಚಿನ ಬಲದಿಂದ ರೈಲು ಓಡುತ್ತದೆ, ಬೀದಿಗಳಲ್ಲಿ ಆರದ ದೀಪಗಳಿವೆ, ಊರಿಂದೂರಿಗೆ ಸಂದೇಶ ಕಳಿಸುವ ಕೇಂದ್ರಗಳಿವೆ, ತಮ್ಮ ಕಸುಬಿಗೆ ಬೇಕಾದ ಒಂದೆರಡು ಮಂತ್ರಗಳನ್ನಷ್ಟೇ ಕಲಿತ ಸಾಮಾನ್ಯ ಕುಶಲಕರ್ಮಿಗಳಿದ್ದಾರೆ. ಆದರೂ ಬಡತನ ಹೋಗಿಲ್ಲ, ಮತ್ತು ಏಕೆ ಹೋಗಿಲ್ಲ ಎಂಬುದಕ್ಕೆ ಆ ನಾಡಿನ ರಚನೆಯಲ್ಲಿಯೇ ಕಾರಣವಿದೆ. ಮೈಮೇಲೆ ಮೂಡಿ ಮಂತ್ರಶಕ್ತಿ ಕೊಡುವ ವಿಶೇಷ ಗುರುತು ಕೆಲವು ಮನೆತನಗಳ ರಕ್ತದಲ್ಲಿ ಮಾತ್ರ ಹರಿಯುತ್ತದೆ. ಜೊರಾಸ್ಕೊ ಮನೆತನದ ಕೈಯಲ್ಲಿ ವೈದ್ಯ, ಓರಿಯನ್ ಕೈಯಲ್ಲಿ ನೆಲದ ಸಾರಿಗೆ, ಕ್ಯಾನಿತ್ ಕೈಯಲ್ಲಿ ತಯಾರಿಕೆ, ಕುಂಡರಕ್ ಕೈಯಲ್ಲಿ ಬ್ಯಾಂಕು. ಜೊರಾಸ್ಕೊ ವೈದ್ಯರು ಹಣ ಪಡೆಯದೆ ಗಾಯ ಮಾಯಿಸುವುದಿಲ್ಲ. ಈ ಮನೆತನಗಳು ಭೂಮಿಯನ್ನೂ ಪದವಿಯನ್ನೂ ಹೊಂದಬಾರದು ಎಂಬ ಹಳೆಯ ಶಾಸನಗಳಿವೆ. ಆದರೆ ನೂರು ವರ್ಷ ಮೀರಿ ನಡೆದ ಯುದ್ಧದಲ್ಲಿ ಎಲ್ಲ ಪಕ್ಷಗಳಿಗೂ ಸರಕು ಮಾರಿದವರು ಇವರೇ ಆದ್ದರಿಂದ, ಯುದ್ಧ ಮುಗಿಯುವ ಹೊತ್ತಿಗೆ ರಾಜರಿಗಿಂತ ಇವರ ಬಲವೇ ಹೆಚ್ಚಾಗಿರುತ್ತದೆ. ಯುದ್ಧಕ್ಕಾಗಿ ಕ್ಯಾನಿತ್ ತಯಾರಿಸಿದ ವಾರ್‌ಫೋರ್ಜ್ಡ್ ಎಂಬ ಜೀವಿಗಳು ಸಂಧಿಯಾದ ಮೇಲೆ ಸ್ವತಂತ್ರರಾಗಿ ಕೆಲಸ ಹುಡುಕುತ್ತ ತಿರುಗುತ್ತಾರೆ. ನನ್ನ ಮಟ್ಟಿಗೆ ಈ ಆಟದ ಅಧಿಕೃತ ನಾಡುಗಳಲ್ಲಿ ಮಂತ್ರ ಮತ್ತು ದುಡಿಮೆಯ ಸಂಬಂಧವನ್ನು ಇಷ್ಟು ಆಳವಾಗಿ ಯೋಚಿಸಿದ್ದು ಮತ್ತೊಂದಿಲ್ಲ.

ನಿಮ್ಮ ಮಠಕ್ಕೆ ಹೆಚ್ಚು ಹತ್ತಿರವಾದದ್ದು ಬಹುಶಃ ಆರ್ಸ್ ಮ್ಯಾಜಿಕಾ. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ 1987ರಲ್ಲಿ ಹೊರತಂದ ಈ ಆಟ ಮಧ್ಯಯುಗದ ಯುರೋಪಿನಲ್ಲಿ ನಡೆಯುತ್ತದೆ. ಅಲ್ಲಿ ಮಂತ್ರಶಕ್ತಿಯನ್ನು ಹೊತ್ತು ಹುಟ್ಟಿದವರನ್ನು ಕಂಡರೆ ಜನರಿಗೆ ಕಾರಣವಿಲ್ಲದೆ ಅಪನಂಬಿಕೆ ಹುಟ್ಟುತ್ತದೆ, ಪ್ರಾಣಿಗಳು ಬೆದರುತ್ತವೆ. ಮಾಂತ್ರಿಕರು ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಸಹ ಒಂದು ವಿಶೇಷ ರಕ್ಷಣಾಮಂತ್ರ ಬೇಕಾಗುತ್ತದೆ. ಹೀಗಾಗಿ ಅವರು ಊರಿನಿಂದ ದೂರ, ಕವನಂಟ್ ಎಂಬ ತಮ್ಮದೇ ವಾಸಸ್ಥಾನಗಳಲ್ಲಿ ಇರುತ್ತಾರೆ. ಅವರ ಸಂಘದ ಕಟ್ಟಳೆ, ಲೌಕಿಕರ ವ್ಯವಹಾರದಲ್ಲಿ ತಲೆಹಾಕಿ ಸಂಘಕ್ಕೆ ಕೇಡು ತರಬಾರದು ಎಂದು ವಿಧಿಸುತ್ತದೆ. ಬರಗಾಲದಲ್ಲಿ ಒಂದು ಹಳ್ಳಿಗೆ ನೆರವಾದ ಮಾಂತ್ರಿಕನ ಮೇಲೆ ಅವನ ಸಂಘದವರೇ ವಿಚಾರಣೆ ಹೂಡಬಹುದು. ಇಲ್ಲಿ ಯಾರೂ ದುಷ್ಟರಾಗಬೇಕಿಲ್ಲ, ಆದರೂ ಹಸಿವು ಹಾಗೆಯೇ ಉಳಿಯುತ್ತದೆ. ನಿಮ್ಮ ಡ್ರೂಯಿಡ್ ಗೆಳತಿಗೆ ಇದು ಒಳ್ಳೆಯ ಕಥೆಯ ಬೀಜವಾಗಬಲ್ಲದು, ಏಕೆಂದರೆ ಅವರ ಪಾತ್ರ ಮಂತ್ರ ಹಾಕಿದ ಮರುದಿನವೇ ಮಠದಿಂದ ಕರೆ ಬರುತ್ತದೆ.

ಉತ್ತರ: ಕೆರೆಕೋಡಿ

ಹಳೇದಾಳ ಅವರ ಉತ್ತರ ವಿದ್ವತ್ಪೂರ್ಣವಾಗಿದೆ. ಆದರೆ ಪ್ರಶ್ನೆ ಕೇಳಿದವರು ಆಟವನ್ನು ಕನ್ನಡದಲ್ಲಿ ನಡೆಸುತ್ತಿದ್ದಾರೆ, ನಾಡನ್ನು ತಾವೇ ಕಟ್ಟುತ್ತಿದ್ದಾರೆ. ಹಾಗಿರುವಾಗ ನಮ್ಮ ಊರುಗಳ ಚರಿತ್ರೆಯನ್ನು ಬಿಟ್ಟು ಯುರೋಪಿನ ಸಂಘಗಳ ಮಾದರಿಯನ್ನಷ್ಟೇ ನೋಡಬೇಕಾಗಿಲ್ಲ.

ಪ್ಲ್ಯಾಂಟ್ ಗ್ರೋತ್ ಮಂತ್ರವನ್ನು ಕೆರೆಯ ನೀರಿನಂತೆ ಯೋಚಿಸಿ ನೋಡಿ. ಕೆರೆ ಕಟ್ಟಿಸಿದವರಿಗೂ ಅದರ ದುರಸ್ತಿ ನೋಡಿಕೊಂಡವರಿಗೂ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿ ಹಳೆಯ ಕರ್ನಾಟಕದಲ್ಲಿತ್ತು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಇದ್ದ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದ ಹನ್ನೆರಡು ಆಯಗಾರರಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ನಿಮ್ಮ ನಾಡಿನಲ್ಲಿ ಡ್ರೂಯಿಡ್ ಹದಿಮೂರನೆಯ ಆಯಗಾರ ಆಗಿರಲಿ. ಊರು ಅವರಿಗೆ ಕೊಡಗೆಯ ಭೂಮಿ ಕೊಟ್ಟಿದೆ, ಅವರು ವರ್ಷಕ್ಕೊಮ್ಮೆ ಬಿತ್ತನೆಗೆ ಮುಂಚೆ ಎಂಟು ಗಂಟೆ ಕುಳಿತು ಮಂತ್ರ ಹಾಕಬೇಕು. ಮೂರು ತಲೆಮಾರಿನ ನಂತರ ಆ ಭೂಮಿ ಯಾರ ಹೆಸರಿಗಿದೆ, ಮಂತ್ರ ಬಲ್ಲವರು ಆ ವಂಶದಲ್ಲಿ ಇನ್ನೂ ಇದ್ದಾರೆಯೇ, ಇಲ್ಲದಿದ್ದರೆ ಭೂಮಿಯನ್ನು ಮರಳಿಸುವವರು ಯಾರು? ಒಂದು ಇಡೀ ಸಂಜೆಯ ಪಂಚಾಯಿತಿಗೆ ಇಷ್ಟು ಸಾಕು.

ಇನ್ನೊಂದು ವಿಷಯ. ಅರ್ಧ ಮೈಲಿಯ ಆ ವೃತ್ತಕ್ಕೆ ಒಂದು ನಡುಬಿಂದು ಇರಬೇಕಲ್ಲವೇ? ಅದು ಎಲ್ಲಿ ಬೀಳುತ್ತದೆ ಎಂಬುದನ್ನು ಮಂತ್ರ ನಿರ್ಧರಿಸುವುದಿಲ್ಲ, ಊರಿನ ಬಲಾಬಲ ನಿರ್ಧರಿಸುತ್ತದೆ. ಅದು ಗೌಡರ ಗದ್ದೆಯಲ್ಲಿ ಬಿದ್ದರೆ ಕೇರಿಯವರ ತುಂಡು ಹೊಲಗಳು ಗೆರೆಯ ಹೊರಗೆ ಉಳಿಯುತ್ತವೆ. ಕಾಲುವೆಯ ಕೊನೆಯಂಚಿನ ರೈತರಿಗೆ ಇಂದಿಗೂ ನೀರು ಕೊನೆಗೆ ತಲುಪುತ್ತದೆ ಅಥವಾ ತಲುಪುವುದೇ ಇಲ್ಲ ಎಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಗೇಣಿ. ಫಸಲು ಇಮ್ಮಡಿಯಾಯಿತು ಎಂದಿಟ್ಟುಕೊಳ್ಳೋಣ. ಉಳುವವನು ಒಡೆಯನಿಗೆ ಪಾಲು ಅಳೆಯಬೇಕಾದ ನಾಡಿನಲ್ಲಿ, ಎರಡನೆಯ ವರ್ಷವೇ ಒಡೆಯ ಗೇಣಿಯನ್ನು ಹೆಚ್ಚಿಸುತ್ತಾನೆ, ಏಕೆಂದರೆ ಈ ನೆಲಕ್ಕೆ ಮಂತ್ರದ ಬಲವಿದೆ ಎಂದು ಅವನಿಗೂ ಗೊತ್ತು. ಎಲ್ಲ ಊರುಗಳಲ್ಲಿಯೂ ಫಸಲು ಹೆಚ್ಚಿದರೆ ಧಾರಣೆ ಕುಸಿಯುತ್ತದೆ, ಆದರೆ ಸಾಲದ ಕಂತು ನಾಣ್ಯದಲ್ಲಿಯೇ ಇರುತ್ತದೆ. ಮೂರನೆಯ ವರ್ಷ ಡ್ರೂಯಿಡ್ ಬರದೆ ಹೋದಾಗ ಗೇಣಿ ಮಾತ್ರ ಏರಿದ ಮಟ್ಟದಲ್ಲಿಯೇ ನಿಂತಿರುತ್ತದೆ. ಕರ್ನಾಟಕದಲ್ಲಿ 1974ರ ಭೂಸುಧಾರಣೆಗೆ ಮುಂಚೆ ಗೇಣಿ ಅಳೆದ ಮನೆಗಳ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರನ್ನು ಕೇಳಿದರೆ ನಿಮ್ಮ ಏಳು ಹಳ್ಳಿಗಳ ಹಸಿವಿಗೆ ಬೇಕಾದ ಕಾರಣಗಳೆಲ್ಲ ಸಿಗುತ್ತವೆ. ಮಂತ್ರ ಇದ್ದೂ ಹಸಿವು ಉಳಿದಿದೆ ಎಂದರೆ ಆ ಮಂತ್ರದ ಫಲ ಯಾರ ಕಣಜ ಸೇರುತ್ತಿದೆ ಎಂದು ಹುಡುಕಬೇಕು, ಮತ್ತು ಹಾಗೆ ಹುಡುಕುವ ಕೆಲಸವನ್ನೇ ನಿಮ್ಮ ಆಟಗಾರರಿಗೆ ಕೊಡಬಹುದು.

ಹಳೇದಾಳ ಅವರು ಹೇಳಿದ ಮನೆತನಗಳಂಥವು ಬೇಕಿದ್ದರೆ ಐಹೊಳೆಯ ಐನೂರ್ವರನ್ನು ನೆನಪಿಸಿಕೊಳ್ಳಿ. ರಾಜ್ಯಗಳ ಗಡಿ ದಾಟಿ ವ್ಯಾಪಾರ ನಡೆಸಿದ, ತಮ್ಮದೇ ಕಾವಲುಪಡೆ ಇಟ್ಟುಕೊಂಡಿದ್ದ ಆ ವರ್ತಕ ಸಂಘ ವಜ್ರದ ವ್ಯಾಪಾರವನ್ನೂ ಹಿಡಿದಿದೆ ಎಂದು ನಿಮ್ಮ ನಾಡಿನಲ್ಲಿ ಕಲ್ಪಿಸಿಕೊಂಡರೆ, ಯಾರು ಸತ್ತು ಬದುಕಬಹುದು ಎಂಬ ತೀರ್ಮಾನ ಅವರ ಕೈಸೇರುತ್ತದೆ.

ಉತ್ತರ: ಗುರಿಕಾರ

ನಾನು ಶೂಟರ್ ಆಟಗಳ ಕಡೆಯವನು, ಆದ್ದರಿಂದ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಿಮ್ಮ ಗೆಳೆಯನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದು ತಿಳಿದಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಶೂಟರ್ ಆಟದಲ್ಲಿ ಹಣ ಎಷ್ಟು ಸಣ್ಣ ಸಂದಿಯಿಂದ ಒಳನುಗ್ಗಬಲ್ಲದು ಎಂಬುದನ್ನು ಮೊದಲು ಲೆಕ್ಕ ಹಾಕಿ ತೋರಿಸುತ್ತೇನೆ. ಎದುರಾಳಿಯ ಜೀವ 100 ಅಂಕ, ನಿಮ್ಮ ಬಂದೂಕಿನ ಒಂದು ಗುಂಡಿನ ಹಾನಿ 24 ಅಂಕ ಎಂದುಕೊಳ್ಳಿ. ಕೊಲ್ಲಲು ಐದು ಗುಂಡು ಬೇಕು. ಹಣ ಕೊಟ್ಟು ಕೊಂಡ ಸ್ಕಿನ್ (ಬಂದೂಕಿನ ಹೊರಮೈಯ ಅಲಂಕಾರ) ಆ ಹಾನಿಯನ್ನು ಶೇಕಡಾ 5ರಷ್ಟು ಹೆಚ್ಚಿಸಿದರೆ ಅದು 25.2 ಆಗುತ್ತದೆ, ಆಗ ನಾಲ್ಕೇ ಗುಂಡು ಸಾಕು. ನಿಮಿಷಕ್ಕೆ 600 ಗುಂಡು ಹಾರಿಸುವ ಬಂದೂಕಿನಲ್ಲಿ ಕೊಲ್ಲಲು ಹಿಡಿಯುವ ಸಮಯ 0.4 ಸೆಕೆಂಡಿನಿಂದ 0.3 ಸೆಕೆಂಡಿಗೆ ಇಳಿಯುತ್ತದೆ. ಕಾಗದದ ಮೇಲೆ ಶೇಕಡಾ 5 ಎಂದು ಕಾಣುವುದು ಎದುರುಬದುರಾದ ಕ್ಷಣದಲ್ಲಿ ಕಾಲುಭಾಗದಷ್ಟು ವೇಗದ ಅನುಕೂಲವಾಗಿಬಿಡುತ್ತದೆ. ಇದು ಸಣ್ಣ ಸಹಾಯ ಅಷ್ಟೇ ಎಂಬ ಸಮಜಾಯಿಷಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ನಮ್ಮ ದೇಶದಲ್ಲಿ ಬಹಳ ಹರಡಿದ್ದ ಫ್ರೀ ಫೈರ್ ಆಟದಲ್ಲಿ ಬಂದೂಕಿನ ಸ್ಕಿನ್‌ಗಳಿಗೆ ಅಂದದ ಜೊತೆಗೆ ಹಾನಿ, ವ್ಯಾಪ್ತಿ, ಗುಂಡು ಹಾರುವ ವೇಗ ಮುಂತಾದ ಗುಣಗಳನ್ನೂ ಕೂಡಿಸಲಾಗಿತ್ತು. ಅಲ್ಲಿ ಹಣ ಕೊಟ್ಟು ಕೊಳ್ಳುವ ನಾಣ್ಯದ ಹೆಸರೂ ವಜ್ರವೇ ಆದ್ದರಿಂದ ನಿಮ್ಮ ಗೆಳೆಯನಿಗೆ ರೇಸ್ ಡೆಡ್ ಕೇಳಿದೊಡನೆ ಹಾಗೆನ್ನಿಸಿದ್ದು ಸಹಜ. ಭಾರತ ಸರ್ಕಾರ 2022ರ ಫೆಬ್ರುವರಿಯಲ್ಲಿ ಆ ಆಟವನ್ನು ನಿಷೇಧಿಸಿತಾದರೂ ಅದಕ್ಕೆ ಕಾರಣ ದತ್ತಾಂಶ ಸುರಕ್ಷತೆಯೇ ಹೊರತು ಈ ಅಸಮಾನತೆ ಅಲ್ಲ.

ಜಗತ್ತಿನ ಮಟ್ಟದಲ್ಲಿ ದೊಡ್ಡ ಪ್ರತಿಭಟನೆ ಎದ್ದದ್ದು 2017ರ ನವೆಂಬರಿನಲ್ಲಿ, ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯ ಸಮಯದಲ್ಲಿ. ಪೂರ್ತಿ ಬೆಲೆ ಕೊಟ್ಟು ಕೊಂಡ ಆಟದಲ್ಲಿ, ಸೈನಿಕರ ಶಕ್ತಿ ಹೆಚ್ಚಿಸುವ ಕಾರ್ಡುಗಳು ಮತ್ತೆ ಹಣಕ್ಕೆ ಸಿಗುವ ಲೂಟ್ ಬಾಕ್ಸ್‌ಗಳಲ್ಲಿ ಅದೃಷ್ಟದ ಮೇಲೆ ಬರುತ್ತಿದ್ದವು. ಮುಖ್ಯ ನಾಯಕ ಪಾತ್ರಗಳಿಗೆ 60,000 ಕ್ರೆಡಿಟ್ (ಆಟದೊಳಗಿನ ನಾಣ್ಯ) ಬೆಲೆ ಇಟ್ಟದ್ದನ್ನು ಆಟಗಾರರ ಆಕ್ರೋಶದ ನಂತರ 15,000ಕ್ಕೆ ಇಳಿಸಲಾಯಿತು. ಬಿಡುಗಡೆಗೆ ಕೆಲವೇ ಗಂಟೆಗಳ ಮುಂಚೆ ಹಣದ ಖರೀದಿಯನ್ನೇ ನಿಲ್ಲಿಸಲಾಯಿತು. ಮರುವರ್ಷ ಶಕ್ತಿ ಕೊಡುವ ಕಾರ್ಡುಗಳನ್ನು ಆಡಿಯೇ ಗಳಿಸಬೇಕು ಎಂಬ ವ್ಯವಸ್ಥೆ ಬಂತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಹಲವು ಆಟಗಳ ಲೂಟ್ ಬಾಕ್ಸ್‌ಗಳು ಆ ದೇಶದ ಜೂಜು ಕಾನೂನಿಗೆ ವಿರುದ್ಧ ಎಂದು ಹೇಳಿತು. ಇದರಿಂದ ರೋಗ ಪೂರ್ತಿ ವಾಸಿಯಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಎಸ್ಕೇಪ್ ಫ್ರಮ್ ಟಾರ್ಕೋವ್ ಆಟದ 250 ಡಾಲರ್ ಬೆಲೆಯ ಆವೃತ್ತಿಯೊಂದು, ಹೋರಾಟದಲ್ಲಿಯೇ ಅನುಕೂಲ ಕೊಡುವ ಸೌಲಭ್ಯಗಳೊಂದಿಗೆ ಬಂದಾಗ ಮತ್ತೆ ಅದೇ ಗಲಾಟೆಯಾಯಿತು. ಅಂದಕ್ಕೆ ಮಾತ್ರ ಎಂದು ಮಾರಿದ ವಸ್ತುವೂ ಕೆಲವೊಮ್ಮೆ ಹಾಗೆ ಉಳಿಯುವುದಿಲ್ಲ. ಕಾಲ್ ಆಫ್ ಡ್ಯೂಟಿ ವಾರ್‌ಝೋನ್‌ನಲ್ಲಿ ರೋಜ್ ಎಂಬ ಪಾತ್ರದ ಕಡುಗಪ್ಪು ಉಡುಪು ಕತ್ತಲೆಯ ಮೂಲೆಗಳಲ್ಲಿ ಕಣ್ಣಿಗೆ ಕಾಣುತ್ತಿರಲಿಲ್ಲವಾದ್ದರಿಂದ 2021ರಲ್ಲಿ ಅದನ್ನು ತಿದ್ದಬೇಕಾಯಿತು. ಇದಕ್ಕೆ ಎದುರಾಗಿ ಕೌಂಟರ್-ಸ್ಟ್ರೈಕ್ 2013ರಿಂದಲೂ, ವ್ಯಾಲರಂಟ್ 2020ರಿಂದಲೂ ಬಂದೂಕಿನ ಬಣ್ಣವನ್ನು ಮಾರಿವೆ, ಬಲವನ್ನು ಮಾರಿಲ್ಲ. ಬಲವನ್ನು ಮಾರದೆಯೂ ಇಂಥ ಆಟ ನಡೆಸಬಹುದು ಎಂಬುದಕ್ಕೆ ನನಗೆ ಇಷ್ಟು ಸಾಕ್ಷಿ ಸಾಕು.

ಈಗ ನಿಮ್ಮ ಮೇಜಿಗೆ ಬರುತ್ತೇನೆ. ಪೇ-ಟು-ವಿನ್ ಕೆಟ್ಟದ್ದಾಗುವುದು ಆಟದ ಹೊರಗಿನ ಹಣ ಆಟದ ಒಳಗೆ ಬಂದು, ಸಮಾನರಾಗಿ ಕುಳಿತ ಇಬ್ಬರಲ್ಲಿ ಒಬ್ಬರನ್ನು ಮೇಲೆತ್ತುವುದರಿಂದ. ಸ್ಪರ್ಧೆಗೆ ಬಂದವರು ಕಣ್ಣು, ಕೈ, ಬುದ್ಧಿಯನ್ನು ಒರೆಗೆ ಹಚ್ಚಲು ಬಂದಿರುತ್ತಾರೆ. ತಂದೆಯ ಬ್ಯಾಂಕ್ ಖಾತೆಯನ್ನಲ್ಲ. ನಿಮ್ಮ ಕಥೆಯ ಸಾಹುಕಾರ ವಜ್ರ ಕೊಡುವಾಗ ಆಡುವವರಲ್ಲಿ ಯಾರ ಜೇಬಿನಿಂದಲೂ ಒಂದು ರೂಪಾಯಿ ಹೋಗುವುದಿಲ್ಲ, ಮತ್ತು ಅವನು ನಿಮ್ಮ ಗೆಳೆಯರಲ್ಲಿ ಯಾರಿಗೂ ಎದುರಾಳಿ ಆಟಗಾರನಲ್ಲ. ಅವನ ಅನ್ಯಾಯವನ್ನು ಕಂಡು ಸಿಟ್ಟಾಗಲು, ಸಾಧ್ಯವಾದರೆ ಅದನ್ನು ಮುರಿಯಲು ನೀವೆಲ್ಲ ಒಟ್ಟಿಗೆ ಕುಳಿತಿದ್ದೀರಿ. ಶೂಟರ್ ಆಟದಲ್ಲಿ ಹಣವಂತನ ವಿರುದ್ಧ ಸಿಟ್ಟಾದವನಿಗೆ ಆಟದೊಳಗೆ ಮಾಡಲು ಏನೂ ಇರುವುದಿಲ್ಲ, ಅವನು ಆಟವನ್ನು ಬಿಡಬೇಕು ಅಥವಾ ತಾನೂ ಕೊಳ್ಳಬೇಕು. ನಿಮ್ಮ ಆಟದಲ್ಲಿ ಮಾಡಲು ಬಹಳವಿದೆ. ಆದ್ದರಿಂದ ಆ ನಿಯಮವನ್ನು ದಯವಿಟ್ಟು ತೆಗೆಯಬೇಡಿ.

ಪ್ರತಿಕ್ರಿಯೆ: ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ಕೆರೆಕೋಡಿ ಅವರ ಗೇಣಿಯ ವಿಚಾರವನ್ನು ಓದಿದ ಮೇಲೆ ಏಳು ಹಳ್ಳಿಗಳ ಚಿತ್ರ ನನಗೆ ಸ್ಪಷ್ಟವಾಗಿದೆ; ಮಠವೇ ಆ ಹಳ್ಳಿಗಳ ಒಡೆಯ ಎಂದು ಮಾಡಿಕೊಳ್ಳುತ್ತಿದ್ದೇನೆ. ಗುರಿಕಾರ ಅವರ ಮಾತನ್ನು ಗೆಳೆಯನಿಗೆ ಓದಿ ಹೇಳಿದೆ. ಅವನು ಬಹುಮಟ್ಟಿಗೆ ಒಪ್ಪಿದ, ಆದರೆ ಒಂದು ಆಕ್ಷೇಪ ಎತ್ತಿದ. ನಮ್ಮ ಮೇಜಿನಲ್ಲಿ ಅವನದು ಕತ್ತಿ ಹಿಡಿಯುವ ಫೈಟರ್ ಪಾತ್ರ. ಮಂತ್ರಗಳು ಸಮಾಜವನ್ನೇ ಬದಲಿಸುವ ಕಥೆಯಲ್ಲಿ ಮಂತ್ರ ಬಲ್ಲ ಪಾತ್ರಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ, ತನ್ನ ಪಾತ್ರಕ್ಕೆ ಬಾಗಿಲು ಕಾಯುವ ಕೆಲಸ ಉಳಿಯುತ್ತದೆ ಎಂಬುದು ಅವನ ಅಳಲು. ಹಣ ಇಲ್ಲದಿದ್ದರೂ ಇದೂ ಆಡುವವರ ನಡುವಿನ ಅಸಮಾನತೆಯೇ ಅಲ್ಲವೇ?

ಉತ್ತರ: ಬೆಳ್ಳಿಚುಕ್ಕಿ

ಹೌದು, ಅದು ಆಡುವವರ ನಡುವಿನ ಅಸಮಾನತೆಯೇ, ಮತ್ತು ನಿಮ್ಮ ಗೆಳೆಯ ಈ ಬಾರಿ ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದಾರೆ. ಲೆವೆಲ್ ಏರಿದಂತೆ ಫೈಟರ್ ಹೆಚ್ಚು ಸಲ ಹೊಡೆಯಲು ಕಲಿಯುತ್ತಾನೆ, ಮಾಂತ್ರಿಕರು ಊರುಗಳ ನಡುವೆ ಕ್ಷಣದಲ್ಲಿ ಸಂಚರಿಸಲು, ಸತ್ತವರನ್ನು ಮಾತಾಡಿಸಲು, ಸುಳ್ಳನ್ನು ಕಟ್ಟಿಹಾಕಲು ಕಲಿಯುತ್ತಾರೆ. ಈ ಆಟದಲ್ಲಿ ಇದು ಬಹಳ ಹಳೆಯ ದೂರು.

ಆರ್ಸ್ ಮ್ಯಾಜಿಕಾ ಇದನ್ನು ಒಪ್ಪಿಕೊಂಡು ದಾರಿ ಹುಡುಕಿದ ರೀತಿ ಹಳೇದಾಳ ಅವರ ಉತ್ತರದಲ್ಲಿ ಬಿಟ್ಟುಹೋಗಿದೆ. ಅಲ್ಲಿ ಮಾಂತ್ರಿಕರು ಉಳಿದವರಿಗಿಂತ ಬಲಶಾಲಿಗಳು ಎಂಬುದನ್ನು ನಿಯಮವೇ ಬಚ್ಚಿಡುವುದಿಲ್ಲ. ಬದಲಿಗೆ ಪ್ರತಿಯೊಬ್ಬ ಆಟಗಾರರೂ ಒಬ್ಬ ಮಾಂತ್ರಿಕನನ್ನೂ ಒಬ್ಬ ಸಾಮಾನ್ಯ ಸಂಗಾತಿಯನ್ನೂ ರಚಿಸುತ್ತಾರೆ, ಕಾವಲುಗಾರರನ್ನೂ ಆಳುಗಳನ್ನೂ ಎಲ್ಲರೂ ಹಂಚಿಕೊಳ್ಳುತ್ತಾರೆ. ಈ ಕಥೆಯಲ್ಲಿ ಮಾಂತ್ರಿಕರಾದವರು ಮುಂದಿನದರಲ್ಲಿ ಕಾವಲುಗಾರರಾಗುತ್ತಾರೆ. ಪಾತ್ರಗಳ ನಡುವೆ ಮೇಲುಕೀಳು ಇದ್ದರೂ ಆಡುವವರ ನಡುವೆ ಇರುವುದಿಲ್ಲ. ನಿಮ್ಮ ಮೇಜಿನಲ್ಲಿಯೂ ಪ್ರತಿಯೊಬ್ಬರಿಗೂ ಆ ಏಳು ಹಳ್ಳಿಗಳಲ್ಲಿ ಒಂದೊಂದು ಎರಡನೆಯ ಪಾತ್ರವನ್ನು ಕೊಡಿ. ಡ್ರೂಯಿಡ್ ಗೆಳತಿ ಕೆಲವು ಸಂಜೆಗಳಲ್ಲಿ ಗೇಣಿ ಅಳೆಯುವ ರೈತಳಾಗಲಿ, ಫೈಟರ್ ಗೆಳೆಯ ಮಠದ ಕಿರಿಯ ಮಾಂತ್ರಿಕನಾಗಲಿ.

ಮಠವೇ ಒಡೆಯ ಎಂದು ನೀವು ನಿರ್ಧರಿಸಿರುವುದರಿಂದ ಇನ್ನೊಂದು ಮಾತು. ಮಾಂತ್ರಿಕರನ್ನು ಮೇಲಿನವರಾಗಿ ಮಾತ್ರ ಚಿತ್ರಿಸಬೇಡಿ. ಬಯೋವೇರ್ ಸಂಸ್ಥೆಯ 2009ರ ಡ್ರ್ಯಾಗನ್ ಏಜ್ ಆಟದಲ್ಲಿ ಮಂತ್ರಶಕ್ತಿ ಇರುವ ಮಕ್ಕಳನ್ನು ಮನೆಯಿಂದ ಕರೆದೊಯ್ದು ಗೋಪುರಗಳಲ್ಲಿ ಇಡುತ್ತಾರೆ, ಓಡಿಹೋದರೆ ಹುಡುಕಲು ಅವರ ರಕ್ತವನ್ನು ಶೀಸೆಯಲ್ಲಿ ಕಾಯ್ದಿರಿಸುತ್ತಾರೆ, ಅಪಾಯಕಾರಿ ಎನಿಸಿದವರ ಮಂತ್ರಶಕ್ತಿಯನ್ನೂ ಭಾವನೆಗಳನ್ನೂ ಒಟ್ಟಿಗೆ ಅಳಿಸಿಹಾಕುತ್ತಾರೆ. ಹಾಗೆ ಬರಿದಾದವರೇ ಕುಳಿತು ಮಾರಾಟಕ್ಕೆ ಮಾಂತ್ರಿಕ ವಸ್ತುಗಳನ್ನು ತಯಾರಿಸುತ್ತಾರೆ ಎಂಬ ವಿವರವನ್ನು ಮೊದಲ ಬಾರಿ ಓದಿದಾಗ ನನಗೆ ಬಹಳ ಹೊತ್ತು ಮುಂದಕ್ಕೆ ಆಡಲಾಗಲಿಲ್ಲ. ಅದೇ ಜಗತ್ತಿನ ಟೆವಿಂಟರ್ ಸಾಮ್ರಾಜ್ಯದಲ್ಲಿ ಮಾಂತ್ರಿಕರೇ ಆಳುವವರು, ಅವರ ಕೈಕೆಳಗೆ ಗುಲಾಮರು. ನಿಮ್ಮ ಮಠದ ಒಳಗೂ ಈ ಎರಡು ತುದಿಗಳು ಇರಲು ಸಾಧ್ಯ. ಗೇಣಿ ಎಣಿಸುವ ಮಠಾಧೀಶರು ಒಂದು ಕಡೆ, ಏಳು ಹಳ್ಳಿಗಳಿಂದಲೇ ಚಿಕ್ಕಂದಿನಲ್ಲಿ ತಂದು ಬಿಟ್ಟ, ದಿನಕ್ಕೆ ಎಂಟು ಗಂಟೆ ಯಾರದೋ ಗದ್ದೆಗೆ ಮಂತ್ರ ಹಾಕುವ ಕಿರಿಯರು ಇನ್ನೊಂದು ಕಡೆ.

ಫೈಟರ್ ಪಾತ್ರಕ್ಕೆ ಕೆಲಸವಿಲ್ಲ ಎಂಬುದನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಪ್ಲ್ಯಾಂಟ್ ಗ್ರೋತ್ ಹಾಕುವ ಆ ಎಂಟು ಗಂಟೆಗಳ ಉದ್ದಕ್ಕೂ ಡ್ರೂಯಿಡ್ ಏಕಾಗ್ರತೆ ಕಳೆದುಕೊಳ್ಳುವಂತಿಲ್ಲ. ನಡುವೆ ಅದು ಭಂಗವಾದರೆ ಮೊದಲಿನಿಂದ ಶುರುಮಾಡಬೇಕು. ಮಠದ ಅಪ್ಪಣೆಯಿಲ್ಲದೆ, ವೃತ್ತದ ನಡುಬಿಂದುವನ್ನು ಕೇರಿಯವರ ಹೊಲದಲ್ಲಿ ಇಟ್ಟು ಅವರು ಮಂತ್ರಕ್ಕೆ ಕುಳಿತರು ಎಂದುಕೊಳ್ಳಿ. ಸೂರ್ಯ ಹುಟ್ಟಿದಾಗಿನಿಂದ ಇಳಿಹೊತ್ತಿನವರೆಗೆ ಮಠದ ಕಾವಲುಪಡೆಯನ್ನೂ ಗೌಡರ ಆಳುಗಳನ್ನೂ ತಡೆದು ನಿಲ್ಲಿಸಬೇಕಾದವರು, ಊರಿನ ಜನರನ್ನು ಕೂಡಿಸಿ ಹೊಲದ ಸುತ್ತ ನಿಲ್ಲಿಸಬೇಕಾದವರು ನಿಮ್ಮ ಗೆಳೆಯನೇ. ಮುಂದಿನ ಸಂಜೆಯ ಆಟಕ್ಕೆ ನಾನಾಗಿದ್ದರೆ ಇದನ್ನೇ ಇಡುತ್ತಿದ್ದೆ.